ಓದುಗರ ಪ್ರಶ್ನೆ: ಇಡ್ಲಿ ವಡೆ ಮಾರೋರ ಹತ್ರ ಹ್ಯಾಕರ್‌ಗೆ ಏನ್ ಕೆಲ್ಸ?

ಪ್ರಶ್ನೆ: ಡೊಂಬಿವಲಿ ಸ್ಟೇಷನ್ ಹತ್ರ ನಮ್ದೊಂದು ಸಣ್ಣ ಹೋಟ್ಲಿದೆ. ಗಲ್ಲಾದಲ್ಲಿ ಒಂದು ಬಿಲ್ಲಿಂಗ್ ಕಂಪ್ಯೂಟರ್, ಅದ್ರಲ್ಲೇ ಟ್ಯಾಲಿ, ನಾಲ್ಕು ಸಿಸಿಟಿವಿ, ಗಿರಾಕಿಗಳಿಗೆ ಫ್ರೀ ವೈಫೈ, ಇಷ್ಟೇ. ಮಗ ಮಾತ್ರ ಸೆಕ್ಯುರಿಟಿ ಸೆಕ್ಯುರಿಟಿ ಅಂತ ತಲೆ ತಿಂತಾನೆ. ನಮ್ಮಂಥೋರ ಮೇಲೆ ಯಾರಿಗೆ ಕಣ್ಣು ಸಾರ್?

ಉತ್ತರ: ಯಾರಿಗೂ ಇಲ್ಲ ಅಣ್ಣ, ಆದ್ರೆ ಹ್ಯಾಕರ್‌ಗಳು ಬೋರ್ಡ್ ನೋಡ್ಕೊಂಡು ಹೋಟ್ಲು ಆರಿಸಿ ಬರೋದೂ ಇಲ್ಲ. ಅವ್ರ ಪ್ರೋಗ್ರಾಮು ಇಂಟರ್ನೆಟ್ಟಲ್ಲಿರೋ ಒಂದೊಂದೇ ಬಾಗ್ಲು ತಟ್ಕೊಂಡು ಹೋಗ್ತಿರುತ್ತೆ, ತೆಗ್ದಿದ್ರೆ ನುಗ್ಗುತ್ತೆ, ಒಳಗಿರೋದು ಬ್ಯಾಂಕೋ ಬಟಾಟೆ ವಡೆಯೋ ಅದಕ್ಕೇನ್ ಗೊತ್ತು. 2016ರಲ್ಲಿ ಮಿರಾಯ್ ಅನ್ನೋ ಕಳ್ಳ ಪ್ರೋಗ್ರಾಮು ಹಿಂಗೇ ಹಬ್ಬಿದ್ದು, ಕಂಪನಿಯಿಂದ ಬಂದಾಗಿದ್ದ ಪಾಸ್‌ವರ್ಡೇ ಹಾಗೇ ಉಳ್ಕೊಂಡಿದ್ದ ಸಿಸಿಟಿವಿ, ರೌಟರ್‌ಗಳನ್ನ ಹುಡ್ಕಿ ಹಿಡ್ಕೊಂಡು, ಅವುಗಳ ಬಲದಿಂದ್ಲೇ ಆ ಅಕ್ಟೋಬರ್‌ನಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥವನ್ನೇ ಅಮೆರಿಕದಲ್ಲಿ ಗಂಟೆಗಟ್ಲೆ ಅಲ್ಲಾಡಿಸ್ಬಿಟ್ರು. ಸಿಸಿಟಿವಿ ರೆಕಾರ್ಡ್ ಮಾಡೋ ಪೆಟ್ಟಿಗೆ, ಅಂದ್ರೆ ನಿಮ್ಮ ಡಿವಿಆರ್‌ನ ಪಾಸ್‌ವರ್ಡ್ ಇನ್ನೂ 'ಅಡ್ಮಿನ್' ಅಂತಲೇ ಇದೆಯಾ, ಇವತ್ತೇ ನೋಡಿ.

ಗುರಿ ನೀವಲ್ದಿದ್ರೂ ಪೆಟ್ಟು ಬೀಳುತ್ತೆ ಅನ್ನೋಕೆ ನಮ್ಮೂರಿನ ಪಕ್ಕದ್ದೇ ಉದಾಹರಣೆ ಇದೆ. 2017ರ ಜೂನ್‌ನಲ್ಲಿ ಕಂಪ್ಯೂಟರ್‌ನ ಡೇಟಾ ಲಾಕ್ ಮಾಡೋ ನಾಟ್‌ಪೆಟ್ಯಾ ಅನ್ನೋ ವೈರಸ್ ಶುರುವಾಗಿದ್ದು ಯುಕ್ರೇನ್‌ನ ಒಂದು ಅಕೌಂಟಿಂಗ್ ಸಾಫ್ಟ್‌ವೇರ್ ಅಪ್‌ಡೇಟಿಂದ, ಅದು ಮೆರ್ಸ್ಕ್ ಅನ್ನೋ ಹಡಗು ಕಂಪನಿಗೆ ಹೊಕ್ಕು, ಅಲ್ಲಿಂದ ನ್ಹಾವಾ ಶೇವಾ ಬಂದರಿನಲ್ಲಿ ಅವ್ರು ನಡೆಸೋ ಟರ್ಮಿನಲ್ ಕೆಲ್ಸವೇ ನಿಂತ್ಹೋಯ್ತು. ಅಷ್ಟು ದೊಡ್ಡೋರು ಹೆಂಗೋ ಎದ್ಕೊಂಡ್ರು. ನಿಮ್ಮ ಟ್ಯಾಲಿ ಡೇಟಾ ಲಾಕ್ ಆಗಿ, ಜಿಎಸ್‌ಟಿ ರಿಟರ್ನ್ ತಾರೀಕು ನಾಳೆ ಅಂತಿದ್ರೆ ಯಾರತ್ರ ಹೋಗ್ತೀರಿ?

ಖರ್ಚೇನೂ ಜಾಸ್ತಿ ಇಲ್ಲ. ಮೊದ್ಲು ಬ್ಯಾಕಪ್, ವಾರಕ್ಕೆ ಎರಡ್ಸಲ ಆದ್ರೂ ಬೇರೆ ಡಿಸ್ಕ್‌ಗೆ ತಗೊಂಡು, ಅದನ್ನ ಕಿತ್ತು ಮನೆಗೆ ಒಯ್ಯಿರಿ, ಕಂಪ್ಯೂಟರ್‌ಗೇ ಸಿಕ್ಕಿಸಿ ಬಿಟ್ರೆ ಅದೂ ಲಾಕ್ ಆಗುತ್ತೆ. ಮತ್ತೆ ತಿಂಗ್ಳಿಗೊಮ್ಮೆ ಅದ್ರಿಂದ ಡೇಟಾ ವಾಪಸ್ ಬರುತ್ತಾ ಅಂತ ತೆಗ್ದು ನೋಡ್ಬೇಕು, ಇದನ್ನ ಮಾತ್ರ ಯಾರೂ ಮಾಡಲ್ಲ. ಗಿರಾಕಿಗಳ ವೈಫೈ ಬೇರೆ ಇರ್ಲಿ, ಬಹಳ ರೌಟರ್‌ಗಳಲ್ಲಿ ಗೆಸ್ಟ್ ನೆಟ್‌ವರ್ಕ್ ಅಂತ ಇರುತ್ತೆ, ಚಹಾ ಕುಡಿಯೋಕೆ ಬಂದೋನೂ ಬಿಲ್ಲಿಂಗ್ ಕಂಪ್ಯೂಟರೂ ಒಂದೇ ನೆಟ್‌ವರ್ಕಲ್ಲಿ ಇರೋದು ಬೇಡ. ವಿಂಡೋಸ್ 10 ಇದ್ರೆ ಅದ್ರ ಮಾಮೂಲಿ ಸಪೋರ್ಟ್, ಅಂದ್ರೆ ಸೆಕ್ಯುರಿಟಿ ಅಪ್‌ಡೇಟ್ ಕೊಡೋದು, 2025ರ ಅಕ್ಟೋಬರ್ 14ಕ್ಕೇ ಮುಗ್ದಿದೆ. ಕ್ರ್ಯಾಕ್ ಮಾಡಿದ ಕಳ್ಳ ಕಾಪಿ ಅಂತೂ ಬೇಡ್ವೇ ಬೇಡ, ಅದ್ರ ಜೊತೆ ಏನೇನು ಬರುತ್ತೆ ಅಂತ ಹಾಕಿಕೊಟ್ಟ ಹುಡುಗನಿಗೂ ಗೊತ್ತಿರಲ್ಲ. ಮಗನ ಮಾತು ಕೇಳಿ, ಸಂಬಳ ಇಲ್ದೆ ಸಿಕ್ಕಿರೋ ಐಟಿ ಮ್ಯಾನೇಜರ್ ಅವ್ನು.

ಪ್ರಶ್ನೆ: ಪುಣೆ ಭೋಸರಿಯಲ್ಲಿ ನಮ್ದು ವರ್ಕ್‌ಶಾಪು. ಮಾಲು ಕೊಡೋ ಪಾರ್ಟಿ ಮೇಲ್‌ನಿಂದ್ಲೇ 'ನಮ್ಮ ಬ್ಯಾಂಕ್ ಖಾತೆ ಬದ್ಲಾಗಿದೆ' ಅಂತ ಬಂತು, ಆರ್‌ಟಿಜಿಎಸ್ ಮಾಡ್ದೆ. ಅವ್ರು ನಾವು ಕಳ್ಸೇ ಇಲ್ಲ ಅಂತಾರೆ. ಹೆಸ್ರು ಹಾಕಿದ್ನಲ್ಲ, ಬೇರೆಯೋರಿಗೆ ಹೆಂಗ್ ಹೋಯ್ತು?

ಉತ್ತರ: ದುಡ್ಡು ಜಮಾ ಆಗೋದು ಖಾತೆ ನಂಬರ್ ಮೇಲೆ, ಹೆಸ್ರಿನ ಮೇಲಲ್ಲ. 2025ರ ಏಪ್ರಿಲ್‌ನಿಂದ ಆರ್‌ಟಿಜಿಎಸ್, ನೆಫ್ಟ್‌ಗೂ ಕಳ್ಸೋ ಮುಂಚೆ ಖಾತೆದಾರನ ಹೆಸ್ರು ತೋರಿಸೋ ಸೌಲಭ್ಯ ಬಂದಿದೆ, ಅದನ್ನ ನೋಡ್ದೆ ಮುಂದೆ ಒತ್ಬೇಡಿ. ಖಾತೆ ಬದ್ಲು ಅಂತ ಮೇಲ್ ಬಂದ್ರೆ ನಿಮ್ಮ ಹತ್ರ ಮೊದ್ಲಿಂದ ಇರೋ ನಂಬರ್‌ಗೆ ಫೋನ್ ಹಚ್ಚಿ, ಮೇಲ್‌ನಲ್ಲಿ ಕೊಟ್ಟಿರೋ ನಂಬರ್‌ಗಲ್ಲ. ನಿಮ್ಮ ಪತ್ರ ಬಂದ ದಿನವೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ಬ್ಯಾಂಕಿಗೂ ತಿಳಿಸಿ ಅಂತ ಹೇಳಿದ್ವಿ, ಉಳಿದೋರಿಗೋಸ್ಕರ ಇಲ್ಲೂ ಬರೀತಿದ್ದೀವಿ: ದುಡ್ಡು ಆ ಖಾತೆ ದಾಟೋದ್ರೊಳಗೆ ಹೇಳಿದ್ರೆ ತಡೆಹಿಡಿಸೋ ಛಾನ್ಸ್ ಇರುತ್ತೆ. ಅವ್ರ ಮೇಲ್‌ಗೇ ಯಾರೋ ನುಗ್ಗಿರ್ಬಹುದು, ಆ ಪಾರ್ಟಿಗೂ ಮೇಲ್ ಪಾಸ್‌ವರ್ಡ್ ತಕ್ಷಣ ಬದ್ಲಿಸೋಕೆ ಹೇಳಿ, ಅವ್ರ ಬೇರೆ ಗಿರಾಕಿಗಳಿಗೂ ಅದೇ ಮೇಲ್ ಹೋಗಿರ್ಬಹುದು.