ಗಿಟಾರ್ ಬದಲಿಸುವ ಮುಂಚೆ ತಂತಿ ಬದಲಿಸಿ

ಎರಡು ವರ್ಷದ ಯಮಾಹಾ ಎಫ್310ರ ದನಿ ಮಂಕಾಗಿದೆ, ಮಹೋಗನಿ ಮರದ ಗಿಟಾರ್ ಕೊಳ್ಳಲೇ ಅಂತ ಕೇಳಿದ್ದೀರಿ. ತಂತಿ ಒಮ್ಮೆಯೂ ಬದಲಿಸಿಲ್ಲ ಅಂತಲೂ ಬರೆದಿದ್ದೀರಿ. ಉತ್ತರ ಅಲ್ಲೇ ಇದೆ ನೋಡ್ರಿ!

ಧಾರವಾಡದ ಮಳೆಗಾಲದ ತೇವ, ಬೆರಳಿನ ಬೆವರು ಎರಡೂ ಸೇರಿದರೆ ತಂತಿ ಬೇಗ ಹಾಳಾಗುತ್ತದೆ. ದಪ್ಪ ತಂತಿಗಳ ಸುತ್ತಿನ ಸಂದಿಯಲ್ಲಿ ಕೊಳೆ ಕೂರುತ್ತದೆ. ತಂತಿಯ ಅಡಿಗೆ ಉಗುರು ಆಡಿಸಿ, ಫ್ರೆಟ್ (ಗಿಟಾರ್ ಕೊರಳಿನ ಲೋಹದ ಪಟ್ಟಿ) ತಾಗುವ ಕಡೆ ಸಣ್ಣ ತಗ್ಗು ಸಿಗುತ್ತದೆ. ಹೀಗಾದಾಗ ದನಿಯ ಹೊಳಪೇ ಮೊದಲು ಹೋಗೋದು.

80/20 ಬ್ರಾಂಝ್ ಅನ್ನೋ ಬಗೆಯ ತಂತಿಯ ಸುತ್ತಿನಲ್ಲಿ 80 ಪಾಲು ತಾಮ್ರ, 20 ಪಾಲು ಸತು. ಹೊಸದರಲ್ಲಿ ಗಣಗಣ ಅನ್ನುತ್ತದೆ, ಆದರೆ ಆ ಚುರುಕು ಬೇಗ ಇಳಿಯುತ್ತದೆ. ಇನ್ನೊಂದು ಬಗೆ ಫಾಸ್ಫರ್ ಬ್ರಾಂಝ್. ಅದನ್ನು ತಂತಿ ಕಂಪನಿ ಡಿ'ಅಡಾರಿಯೊ 1974ರಲ್ಲಿ ತಂದಿತು. ತಾಮ್ರದ ಜೊತೆ ತವರ, ಚೂರು ರಂಜಕ. ದನಿ ತುಂಬಿಕೊಂಡಿರುತ್ತದೆ, ಬಾಳಿಕೆಯೂ ಜಾಸ್ತಿ. ನೀವು ಹಾಡಿಗೆ ಜೊತೆಯಾಗಿ ನುಡಿಸೋರು, ಅಲ್ವಾ? ಫಾಸ್ಫರ್ 12ರ ಸೆಟ್ ಹಾಕಿ, ಅಂದರೆ ಅತಿ ತೆಳು ತಂತಿ 0.012 ಇಂಚು ದಪ್ಪ ಇರುವಂಥದ್ದು. ಬೆರಳು ನೋವಾದರೆ ಇನ್ನೂ ತೆಳುವಾದ 11ರ ಸೆಟ್. ದನಿ ಸ್ವಲ್ಪ ತೆಳುವಾಗುತ್ತದೆ, ಅಷ್ಟೇ.

ಎಫ್310ರ ಮೇಲ್ಹಲಗೆ ಸ್ಪ್ರೂಸ್ ಮರದ ಪ್ಲೈ, ಅಂದರೆ ತೆಳು ಹಾಳೆಗಳನ್ನು ಅಂಟಿಸಿದ್ದು. ಅದನ್ನು ಬಿಟ್ಟು ಮಹೋಗನಿ ಪ್ಲೈಗೆ ಹೋದರೆ ಸುಮ್ನೆ ದುಡ್ಡು ದಂಡ. ಕೊಳ್ಳಲೇಬೇಕು ಅಂದರೆ ಯಮಾಹಾದ್ದೇ ಎಫ್‌ಜಿ800 ನೋಡಿ, ಅದರ ಮೇಲ್ಹಲಗೆ ಇಡೀ ಮರದ್ದು. ಹುಬ್ಬಳ್ಳಿಯ ಅಂಗಡಿಗೆ ಗೆಳೆಯರೊಬ್ಬರನ್ನು ಕರೆದುಕೊಂಡು ಹೋಗಿ. ಅವರು ನುಡಿಸಲಿ, ನೀವು ಎದುರು ಕೂತು ಕೇಳಿ. ದನಿ ಮುಂದಕ್ಕೆ ಹೋಗುತ್ತದೆ, ನುಡಿಸುವವರಿಗೆ ಪೂರ್ತಿ ಕೇಳಿಸಲ್ಲ. ಅಂಗಡಿಯ ಗಿಟಾರಿನ ತಂತಿ ಎಷ್ಟು ಹಳೆಯದು ಅಂತಲೂ ಕೇಳಿಬಿಡಿ.