ಸಂಪಾದಕರ ಉತ್ತರ: ಒಂದು ಫೋನಿಗೆ ನಿಲ್ಲದ ದುಡ್ಡು

ನಮಸ್ಕಾರ ಮೇಷ್ಟ್ರೇ,

ನಿಮ್ಮ ಕಾಗದ ಬಂದು ಮೂರು ವಾರ ಆಯ್ತು. ತಡವಾಗಿದ್ದಕ್ಕೆ ಕ್ಷಮಿಸಿ. ನಾಲ್ಕು ಸಾಲಿನಲ್ಲಿ ಮುಗಿಯುವ ಪ್ರಶ್ನೆ ಅಲ್ಲ ಅದು, ಹಾಗಾಗಿ ಬಿಡುವು ಮಾಡಿಕೊಂಡು ಕೂತಿದ್ದೇನೆ.

ಉಳಿದ ಓದುಗರಿಗೂ ಗೊತ್ತಾಗಲಿ ಅಂತ ನೀವು ಬರೆದದ್ದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ನಾವು ಚಂದಾ ಹೆಚ್ಚಿಸಿದ್ದು ನಿಮಗೆ ಬೇಸರ ತಂದಿದೆ. ಡೇರಿಗೆ ಹಾಲು ಹಾಕುವ ರೈತರಿಗೆ ಸರ್ಕಾರ ಲೀಟರಿಗೆ ಇಷ್ಟು ಅಂತ ಪ್ರೋತ್ಸಾಹಧನ ಕೊಡುತ್ತದೆ, ಒಳ್ಳೆಯ ಪತ್ರಿಕೆಗೆ ಯಾಕೆ ಕೊಡಬಾರದು ಅಂತ ಕೇಳಿದ್ದೀರಿ. ಎಲ್ಲರೂ ಮೊಬೈಲಿನಲ್ಲಿ ಪುಕ್ಕಟೆ ಓದುವ ಕಾಲದಲ್ಲಿ ಎಷ್ಟು ದಿನ ಹೀಗೇ ನಡೆಸುತ್ತೀರಿ ಅಂತಲೂ ಕೇಳಿದ್ದೀರಿ. ಕೊನೆಗೆ ನೀವೇ ಒಂದು ಸಾಲು ಸೇರಿಸಿದ್ದೀರಿ: ಸರ್ಕಾರದ ದುಡ್ಡು ತಗೊಂಡ ಮೇಲೆ ಅದರ ತಪ್ಪು ಬರೆಯೋಕೆ ನಿಮ್ಮ ಕೈ ಏಳುತ್ತಾ?

ನನ್ನ ಉತ್ತರ ಮೊದಲೇ ಹೇಳುತ್ತೇನೆ. ಸರ್ಕಾರ ನೆರವು ಕೊಡಬೇಕು. ಆದರೆ ಯಾವುದೋ ಮಂತ್ರಿಯೋ ಅಧಿಕಾರಿಯೋ ಒಂದು ಫೋನ್ ಮಾಡಿ ನಿಲ್ಲಿಸಬಹುದಾದ ದುಡ್ಡು ಮಾತ್ರ ಬೇಡ.

ಯಾಕೆ ಅಂದರೆ, ಆ ಥರದ ದುಡ್ಡು ಈಗಲೇ ಬರುತ್ತಿದೆ. ಜಾಹೀರಾತಿನ ಹೆಸರಿನಲ್ಲಿ. ಈ ಪತ್ರಿಕೆಗೆ ಬರುವ ಮೊದಲು ನಾನು ಒಂದು ಜಿಲ್ಲಾ ದಿನಪತ್ರಿಕೆಯಲ್ಲಿದ್ದೆ. ಬೆಳಗ್ಗೆ ಹನ್ನೊಂದರ ಹೊತ್ತಿಗೆ ಜಾಹೀರಾತು ವಿಭಾಗದ ಹುಡುಗ ಆರ್‌ಒಗಳನ್ನು, ಅಂದರೆ ಇಂಥ ಜಾಹೀರಾತು ಹಾಕಿ ಅಂತ ಬರುವ ಆದೇಶದ ಹಾಳೆಗಳನ್ನು, ಪಿನ್ ಹೊಡೆದು ತಂದು ಮೇಜಿನ ಮೇಲೆ ಇಡುತ್ತಿದ್ದ. ರಸ್ತೆ ಟೆಂಡರ್, ಅಂಗನವಾಡಿ ಹುದ್ದೆ, ಯಾವುದೋ ಜಯಂತಿ. ಒಂದು ಸಲ ಕುಡಿಯುವ ನೀರಿನ ಕಾಮಗಾರಿ ಬಗ್ಗೆ ಬರೆದೆವು. ಪೈಪ್ ಹೂಳದೇ ಬಿಲ್ ಆಗಿತ್ತು. ಪೈಪುಗಳು ಶಾಲೆಯ ಕಾಂಪೌಂಡ್ ಪಕ್ಕ ಹಾಗೇ ಬಿದ್ದಿದ್ದವು, ಅದರ ಮೇಲೆ ಮಕ್ಕಳು ಕೂತು ಬುತ್ತಿ ಉಣ್ಣುತ್ತಿದ್ದ ಫೋಟೊ ಹಾಕಿದ್ದೆವು. ಯಾರೂ ಬೈಯಲಿಲ್ಲ. ನೋಟಿಸೂ ಬರಲಿಲ್ಲ. ಮರುವಾರದಿಂದ ಆ ಇಲಾಖೆಯ ಟೆಂಡರ್‌ಗಳು ಬರೋದು ನಿಂತಿತು, ಹಳೇ ಬಿಲ್ಲುಗಳೂ ಅಲ್ಲೇ ನಿಂತವು. ಹನ್ನೊಂದು ಗಂಟೆಗೆ ಆ ಹುಡುಗ ಬರಿಗೈಲಿ ಬಂದು ನಿಲ್ಲುತ್ತಿದ್ದ. ಎರಡು ತಿಂಗಳಾದ ಮೇಲೆ ಮಾಲೀಕರು 'ಆ ವಿಷಯ ಸದ್ಯಕ್ಕೆ ಬಿಡಿ' ಅಂದರು. ಬಿಟ್ಟೆವು. ಹದಿನಾಲ್ಕು ಜನರ ಸಂಬಳ ಆಗಬೇಕಿತ್ತು. ಆ ಪೈಪುಗಳು ಮುಂದೆ ಏನಾದವು ಅಂತ ನಾವು ಬರೆಯಲೇ ಇಲ್ಲ. ಅದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಇದು ಸಣ್ಣ ಊರಿನ ಕಥೆ ಅಷ್ಟೇ ಅಲ್ಲ. 2019ರ ಫೆಬ್ರುವರಿಯಲ್ಲಿ ಜಮ್ಮು ಮತ್ತು ಕಾಶ್ಮೀರದ ಆಡಳಿತ 'ಗ್ರೇಟರ್ ಕಾಶ್ಮೀರ್' ಮತ್ತು 'ಕಾಶ್ಮೀರ್ ರೀಡರ್' ಪತ್ರಿಕೆಗಳಿಗೆ ಜಾಹೀರಾತು ನಿಲ್ಲಿಸಿತು. ಮಾರ್ಚ್ 10ರಂದು ಅಲ್ಲಿನ ಪತ್ರಿಕೆಗಳು ಮೊದಲ ಪುಟವನ್ನು ಖಾಲಿ ಬಿಟ್ಟು ಪ್ರತಿಭಟಿಸಿದವು. ಆಂಧ್ರದ್ದು ಇದರ ಉಲ್ಟಾ. 2022ರಲ್ಲಿ ಅಲ್ಲಿನ ಸರ್ಕಾರ ಗ್ರಾಮ ಮತ್ತು ವಾರ್ಡ್ ಸ್ವಯಂಸೇವಕರಿಗೆ ಪತ್ರಿಕೆ ಕೊಳ್ಳಲು ತಿಂಗಳಿಗೆ 200 ರೂಪಾಯಿ ಕೊಡೋಕೆ ಶುರು ಮಾಡಿತು. ಕೇಳಲು ಎಷ್ಟು ಚೆನ್ನಾಗಿದೆ, ಅಲ್ವಾ? ಆದರೆ ಇದು ಆಗಿನ ಮುಖ್ಯಮಂತ್ರಿಗಳ ಕುಟುಂಬದ 'ಸಾಕ್ಷಿ' ಪತ್ರಿಕೆಯ ಮಾರಾಟ ಹೆಚ್ಚಿಸುವ ದಾರಿ ಅಂತ ಅಲ್ಲಿನ ಇನ್ನೊಂದು ಪತ್ರಿಕೆ 'ಈನಾಡು' ಕೋರ್ಟಿಗೆ ಹೋಯಿತು. 2023ರಲ್ಲಿ ಸುಪ್ರೀಂ ಕೋರ್ಟ್ ಆ ಕೇಸನ್ನು ದೆಹಲಿ ಹೈಕೋರ್ಟಿಗೆ ವರ್ಗಾಯಿಸಿತು. ಒಂದು ಕಡೆ ಆಗದವರಿಗೆ ನಿಲ್ಲಿಸಿದರು ಅಂತ ಜಗಳ, ಇನ್ನೊಂದು ಕಡೆ ಬೇಕಾದವರಿಗೆ ಕೊಟ್ಟರು ಅಂತ ಜಗಳ. ಎರಡರಲ್ಲೂ ದುಡ್ಡಿನ ನಲ್ಲಿ ಇದ್ದದ್ದು ಸರ್ಕಾರದ ಕೈಯಲ್ಲೇ.

ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ. ಸರ್ಕಾರಿ ಜಾಹೀರಾತನ್ನು ಯಾವುದೋ ಒಂದು ಮಾಧ್ಯಮ ಸಂಸ್ಥೆಯನ್ನು ಸಾಕೋಕೆ ಬಳಸಬಾರದು, ಪ್ರಸಾರ ಸಂಖ್ಯೆ ನೋಡಿ ಗುಂಪು ಮಾಡಿ, ಎಲ್ಲರಿಗೂ ಸಮನಾಗಿ ಹಂಚಿ ಅಂತ. ಆದರೆ ಜಾಹೀರಾತುಗಳಲ್ಲಿ ಯಾರ ಫೋಟೊ ಇರಬೇಕು, ಯಾರದ್ದು ಇರಬಾರದು ಅನ್ನೋ ಮಾತೇ ಮುಂದೆ ಜಾಸ್ತಿ ಚರ್ಚೆಯಾಯಿತು.

ಹಾಗಾದರೆ ನಿಲ್ಲದ ದುಡ್ಡು ಅನ್ನೋದು ಇದೆಯಾ? ಇದೆ ಮೇಷ್ಟ್ರೇ. ಅದರ ಪ್ರಯೋಜನ ನೀವೂ ಪಡೆದಿದ್ದೀರಿ. ಅಂಚೆ ರಿಯಾಯಿತಿ. 1898ರ ಅಂಚೆ ಕಾಯ್ದೆ ಮತ್ತು ಅದರ ನಿಯಮಗಳಲ್ಲಿ ನೋಂದಾಯಿತ ಪತ್ರಿಕೆಗೆ ಇದ್ದ ಮುಖ್ಯ ಷರತ್ತುಗಳು ಎರಡು. 31 ದಿನಕ್ಕಿಂತ ಹೆಚ್ಚು ಅಂತರ ಇಲ್ಲದೆ ಪತ್ರಿಕೆ ಬರಬೇಕು, ಕನಿಷ್ಠ 50 ಜನ ನಿಜವಾದ ಚಂದಾದಾರರು ಇರಬೇಕು. ಇಷ್ಟಿದ್ದರೆ 50 ಗ್ರಾಂ ಒಳಗಿನ ಪ್ರತಿಯನ್ನು 25 ಪೈಸೆಗೆ ದೇಶದ ಯಾವ ಮೂಲೆಗಾದರೂ ಒಯ್ಯುವ ದರ ವರ್ಷಾನುಗಟ್ಟಲೆ ಇತ್ತು. ಒಳಗೆ ಏನು ಬರೆದಿದ್ದೀರಿ, ಯಾರನ್ನು ಬೈದಿದ್ದೀರಿ ಅಂತ ಪೋಸ್ಟ್‌ಮ್ಯಾನ್ ಕೇಳಲಿಲ್ಲ. ಅಮೆರಿಕ 1792ರಲ್ಲೇ ಇದನ್ನು ಮಾಡಿತ್ತು. ಕಾಗದಕ್ಕೆ ದೂರ ನೋಡಿ 6ರಿಂದ 25 ಸೆಂಟ್, ಪತ್ರಿಕೆಗೆ ಮಾತ್ರ ಒಂದು ಅಥವಾ ಒಂದೂವರೆ ಸೆಂಟ್. ಸರ್ಕಾರವನ್ನು ಹೊಗಳುವ ಪತ್ರಿಕೆಗೂ ಅದೇ ದರ, ತೆಗಳುವ ಪತ್ರಿಕೆಗೂ ಅದೇ ದರ.

ನಾರ್ವೆ ಇನ್ನೂ ಮುಂದೆ ಹೋಯಿತು. 1969ರಿಂದ ಅಲ್ಲಿ ಪತ್ರಿಕೆಗಳಿಗೆ ನೇರ ನೆರವು ಇದೆ. ಅದು ಊರಿನ ಅತಿ ದೊಡ್ಡ ಪತ್ರಿಕೆಗೆ ಹೋಗುವುದಲ್ಲ, ಎರಡನೇ ಸ್ಥಾನದಲ್ಲಿ ಏದುಸಿರು ಬಿಡುವ ಪತ್ರಿಕೆಗೆ ಮತ್ತು ಸಣ್ಣ ಊರಿನ ಪತ್ರಿಕೆಗಳಿಗೆ. ಮಂತ್ರಿ ಹಂಚುವುದಿಲ್ಲ, ಪ್ರಸಾರ ಸಂಖ್ಯೆ ಮುಂತಾದ ಲೆಕ್ಕ ಹಾಕಿ ಮಾಧ್ಯಮ ಪ್ರಾಧಿಕಾರ ಹಂಚುತ್ತದೆ. 'ಕ್ಲಾಸೆಕಾಂಪೆನ್' ಅನ್ನೋ ಕಟ್ಟಾ ಎಡಪಂಥೀಯ ಪತ್ರಿಕೆಗೂ ಬರುತ್ತೆ, 'ವೋರ್ಟ್ ಲಾಂಡ್' ಅನ್ನೋ ಕ್ರೈಸ್ತ ಪತ್ರಿಕೆಗೂ ಬರುತ್ತೆ. ಪತ್ರಿಕಾ ಸ್ವಾತಂತ್ರ್ಯದ ಪಟ್ಟಿಯಲ್ಲಿ ಆ ದೇಶ ವರ್ಷಗಳಿಂದ ಮೊದಲ ಸ್ಥಾನದಲ್ಲಿದೆ. 2025ರಲ್ಲಿ ನಮ್ಮದು 151. ಆ ಪಟ್ಟಿ ಮಾಡುವ ರೀತಿಯ ಬಗ್ಗೆ ನಮ್ಮ ಸರ್ಕಾರಕ್ಕೆ ತಕರಾರಿದೆ, ಇರಲಿ. ಸರ್ಕಾರದ ದುಡ್ಡು ತಗೊಂಡರೆ ಬಾಯಿ ಕಟ್ಟಲೇಬೇಕು ಅನ್ನೋದು ಸುಳ್ಳು ಅಂತ ಹೇಳೋಕೆ ನಾರ್ವೆಯ ಅನುಭವ ನನಗೆ ಸಾಕು.

ಇಂಟರ್ನೆಟ್ ವಿಷಯಕ್ಕೆ ಬರುತ್ತೇನೆ. ಮನೆ ಬಾಡಿಗೆಗೆ, ಕಾರು ಮಾರಾಟಕ್ಕೆ, ವಧು ಬೇಕಾಗಿದೆ ಅನ್ನುವ ಸಣ್ಣ ಜಾಹೀರಾತುಗಳೇ ಎಷ್ಟೋ ಪತ್ರಿಕೆಗಳ ಅನ್ನವಾಗಿದ್ದವು. ಅವು ಮೊಬೈಲಿಗೆ ಹೋದವು. ದೊಡ್ಡ ಜಾಹೀರಾತುಗಳ ಪಾಲನ್ನು ಗೂಗಲ್, ಫೇಸ್‌ಬುಕ್ ತಗೊಂಡವು. ಬೆಳಗ್ಗೆ ಐದೂವರೆಗೇ ಪತ್ರಿಕೆಯ ಪಿಡಿಎಫ್ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುತ್ತದೆ. ಹಾಗಿದ್ದರೆ ಆ ಕಂಪನಿಗಳಿಂದಲೇ ವಸೂಲಿ ಮಾಡಿ ಅಂತ ತುಂಬಾ ಜನ ಹೇಳುತ್ತಾರೆ. ಆಸ್ಟ್ರೇಲಿಯಾ 2021ರಲ್ಲಿ ಕಾನೂನು ಮಾಡಿತು. ಕೆನಡಾ 2023ರಲ್ಲಿ ಮಾಡಿತು. ಗೂಗಲ್ ವರ್ಷಕ್ಕೆ 10 ಕೋಟಿ ಕೆನಡಿಯನ್ ಡಾಲರ್ ಕೊಡಲು ಒಪ್ಪಿತು, ಫೇಸ್‌ಬುಕ್‌ನ ಮಾಲೀಕ ಸಂಸ್ಥೆ ಮೆಟಾ ಮಾತ್ರ ಕೆನಡಾದಲ್ಲಿ ಸುದ್ದಿಯನ್ನೇ ಬಂದ್ ಮಾಡಿತು. ಅದೇ ಆಗಸ್ಟ್‌ನಲ್ಲಿ ಅಲ್ಲಿ ಕಾಡ್ಗಿಚ್ಚು ಹಬ್ಬಿ ಊರಿಗೆ ಊರೇ ಖಾಲಿ ಮಾಡುವಾಗ ಜನರಿಗೆ ಫೇಸ್‌ಬುಕ್‌ನಲ್ಲಿ ಸುದ್ದಿಯ ಲಿಂಕ್ ಹಂಚಿಕೊಳ್ಳಲು ಆಗಲಿಲ್ಲ. ಅಂದರೆ ಅಲ್ಲೂ ನಲ್ಲಿ ಒಬ್ಬರ ಕೈಯಲ್ಲಿತ್ತು. ಸರ್ಕಾರದ ಬದಲು ಕಂಪನಿಯ ಕೈಯಲ್ಲಿ.

ಓದುಗರೇ ಕೊಡಲಿ ಅಂತ ನೀವು ಕೇಳಬಹುದು. ಕೊಡುತ್ತಾರೆ, ನೀವೂ ಕೊಡುತ್ತಿದ್ದೀರಿ. ರಾಜಕೀಯ ವಿಶ್ಲೇಷಣೆಗೆ, ಒಳ್ಳೆಯ ಲೇಖನಕ್ಕೆ ದುಡ್ಡು ಕೊಟ್ಟು ಓದುವವರು ಸಿಗುತ್ತಾರೆ. ಆದರೆ ಪುರಸಭೆ ಸಭೆಯಲ್ಲಿ ಬೀದಿದೀಪದ ಟೆಂಡರ್ ಯಾರಿಗೆ ಹೋಯಿತು ಅನ್ನೋ ಸುದ್ದಿಗೆ ಯಾರು ಚಂದಾ ಕಟ್ಟುತ್ತಾರೆ? ಆ ಸುದ್ದಿ ಇಡೀ ಊರಿಗೆ ಬೇಕು, ಆದರೆ ಒಬ್ಬೊಬ್ಬರಾಗಿ ಯಾರೂ ಕೊಳ್ಳುವುದಿಲ್ಲ. ಅದನ್ನು ತರುವವರು ತಾಲ್ಲೂಕಿನ ಅರೆಕಾಲಿಕ ವರದಿಗಾರರು. ಅವರ ಪರಿಸ್ಥಿತಿ ನಿಮಗೆ ಗೊತ್ತಿರಲಿಕ್ಕಿಲ್ಲ. ಎಷ್ಟೋ ಜನರಿಗೆ ಸಂಬಳ ಅಂತ ಇಲ್ಲ, ತಂದ ಜಾಹೀರಾತಿನ ಮೇಲೆ ಕಮಿಷನ್. ಸೋಮವಾರ ಒಬ್ಬ ಮುಖಂಡನ ವಿರುದ್ಧ ವರದಿ ಬರೆದವನು ಗುರುವಾರ ಅದೇ ಮುಖಂಡನ ಹುಟ್ಟುಹಬ್ಬದ ಜಾಹೀರಾತಿಗೆ ಅವನ ಮನೆ ಜಗುಲಿಯಲ್ಲಿ ಕಾಯಬೇಕು. ಎಷ್ಟು ಗಟ್ಟಿ ಮನುಷ್ಯ ಆದರೂ ಸೋಮವಾರದ ವರದಿ ಮೆತ್ತಗಾಗುತ್ತದೆ. ಅವನನ್ನು ಬೈಯಲು ನನಗೆ ಮನಸ್ಸಿಲ್ಲ. ಅವನ ಹೆಂಡತಿ, ಮಕ್ಕಳೂ ಊಟ ಮಾಡಬೇಕಲ್ಲ.

ಇಲ್ಲಿ ನನಗೆ ಬಿಬಿಸಿಯ ಒಂದು ಕೆಲಸ ಬಹಳ ಇಷ್ಟ. ಬ್ರಿಟನ್ನಿನ ಜನ ಟಿ.ವಿ.ಗೆ ಕಟ್ಟುವ ಲೈಸೆನ್ಸ್ ಶುಲ್ಕದಿಂದ ಸ್ವಲ್ಪ ದುಡ್ಡು ತೆಗೆದು, ಸ್ಥಳೀಯ ಪತ್ರಿಕೆಗಳಲ್ಲಿ ವರದಿಗಾರರನ್ನು ಇಡಿಸಿದರು. ಮೊದಲು ಸುಮಾರು 150 ಜನ, ಆಮೇಲೆ 165. ಅವರ ಮುಖ್ಯ ಕೆಲಸ ಊರಿನ ಕೌನ್ಸಿಲ್ ಸಭೆಗಳಲ್ಲಿ ಕೂರೋದು, ಕಡತ ಓದೋದು, ಬರೆಯೋದು. ಬರೆದದ್ದನ್ನು ಯೋಜನೆಗೆ ಸೇರಿದ ಎಲ್ಲ ಪತ್ರಿಕೆಗಳೂ ಬಳಸಬಹುದು. ಇದರಲ್ಲಿ ಹುಳುಕು ಇಲ್ಲ ಅಂತಲ್ಲ. ಹೆಚ್ಚಿನ ಹುದ್ದೆಗಳು ಮೂರು ದೊಡ್ಡ ಕಂಪನಿಗಳ ಪಾಲಾದವು ಅಂತ ಸಣ್ಣ ಪತ್ರಿಕೆಯವರು ದೂರಿದ್ದಾರೆ, ಅದು ನ್ಯಾಯವಾದ ದೂರು. ಆದರೂ ದುಡ್ಡು ಮಾಲೀಕನ ಜೇಬಿಗೆ ಅಂತ ಹೋಗದೆ ಸಭೆಯಲ್ಲಿ ಕೂರುವ ಮನುಷ್ಯನ ಸಂಬಳಕ್ಕೇ ಹೋಯಿತು ನೋಡಿ, ಅದು ಸರಿ. ನಮ್ಮ ತಾಲ್ಲೂಕುಗಳಲ್ಲಿ ಹೀಗೆ ಒಬ್ಬೊಬ್ಬರಿದ್ದರೆ ಸಾಕು, ಎಷ್ಟು ಪೈಪುಗಳು ಮಣ್ಣಿನೊಳಗೆ ಹೋಗುತ್ತಿದ್ದವು!

ದುಡ್ಡು ಎಲ್ಲಿಂದ ಬರಬೇಕು ಅಂತೀರಾ? ನಿಮ್ಮ ಮನೆಯ ಕಂದಾಯದ ರಸೀದಿ ತೆಗೆದು ನೋಡಿ. ಅದರಲ್ಲಿ ಗ್ರಂಥಾಲಯ ಕರ ಅಂತ ಇರುತ್ತದೆ, ನೂರಕ್ಕೆ 6. 1965ರ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು. ಯಾವ ಪಕ್ಷದ ಸರ್ಕಾರ ಬಂದರೂ ಆ ಕರ ನಿಂತಿಲ್ಲ. ವಸೂಲಿ ಮಾಡಿದ ಸಂಸ್ಥೆಗಳು ಅದನ್ನು ಪೂರ್ತಿ ಗ್ರಂಥಾಲಯಗಳಿಗೆ ಕಟ್ಟುವುದಿಲ್ಲ ಅನ್ನುವ ದೂರು ಹಳೆಯದು, ಅದನ್ನು ಮೊದಲು ಸರಿ ಮಾಡಬೇಕು. ಆಮೇಲೆ ಆ ದುಡ್ಡಿನಲ್ಲಿ ಗ್ರಂಥಾಲಯಗಳು ಪತ್ರಿಕೆ ಕೊಳ್ಳಲಿ. ಪತ್ರಿಕೆ ಆರಿಸುವ ಕೆಲಸವನ್ನು ಬೆಂಗಳೂರಿನ ಕಚೇರಿಗೆ ಬಿಡಬೇಡಿ, ಆ ಗ್ರಂಥಾಲಯಕ್ಕೆ ಬಂದು ಕೂತು ಓದುವವರಿಗೆ ಬಿಡಿ. ಒಂದು ರಿಜಿಸ್ಟರ್ ಇಡಲಿ. ಯಾವ ಪತ್ರಿಕೆ ಬೇಕು ಅಂತ ಓದುಗರು ಬರೆಯಲಿ. ಜಾಸ್ತಿ ಜನ ಕೇಳಿದ್ದಕ್ಕೆ ಪೂರ್ತಿ ಚಂದಾ, ಸರಿಯಾದ ಸಮಯಕ್ಕೆ ಹೋಗಲಿ. ನಮ್ಮನ್ನು ಯಾರೂ ಬರೆಯದಿದ್ದರೆ ನಮಗೆ ಬೇಡ.

ಜಾಹೀರಾತು ಬಿಲ್ಲುಗಳ ವಿಷಯದಲ್ಲಿ ನಾನು ಸರ್ಕಾರವನ್ನು ಕೇಳೋದು ಇಷ್ಟೇ. ಯಾವ ಪತ್ರಿಕೆಗೆ ಎಷ್ಟು ಕೊಟ್ಟಿರಿ, ಯಾರದ್ದು ಎಷ್ಟು ಬಾಕಿ ಇದೆ ಅಂತ ಪ್ರತಿ ತಿಂಗಳು ಪ್ರಕಟಿಸಿ. ನಮ್ಮ ಹೆಸರೂ ಅದರಲ್ಲಿರಲಿ. ಆಗ ನಿಮ್ಮ ಕೊನೇ ಪ್ರಶ್ನೆಯನ್ನು ನೀವು ನನ್ನನ್ನು ಕೇಳಬೇಕಿಲ್ಲ, ಪಟ್ಟಿಯನ್ನೂ ಪತ್ರಿಕೆಯನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಬಹುದು.

ಒಂದು ಕೆಲಸ ಮಾಡುತ್ತೀರಾ? ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಅಂದರೆ ಅರಿವು ಕೇಂದ್ರಕ್ಕೆ ಹೋಗಿ, ಎಷ್ಟು ದಿನಪತ್ರಿಕೆ ಬರುತ್ತವೆ, ಯಾವ ವಾರಪತ್ರಿಕೆ ಬರುತ್ತವೆ, ಎಷ್ಟು ಜನ ಓದುತ್ತಾರೆ ಅಂತ ಬರೆದು ಕಳಿಸಿ. ಬೇರೆ ಊರಿನ ಓದುಗರೂ ಕಳಿಸಲಿ. ಬಂದದ್ದನ್ನೆಲ್ಲ ಸೇರಿಸಿ ಹಾಕುತ್ತೇವೆ.

ಹೋದ ತಿಂಗಳ ಸಂಚಿಕೆ ಕೈ ಸೇರಿಲ್ಲ ಅಂತ ಹಿಂಬದಿಯಲ್ಲಿ ಬರೆದಿದ್ದಿರಿ. ಇನ್ನೊಂದು ಪ್ರತಿಯನ್ನು ಇವತ್ತೇ ಅಂಚೆಗೆ ಹಾಕಿಸಿದ್ದೇನೆ. ಪಿನ್‌ಕೋಡಿನ ಕೊನೇ ಅಂಕಿ ನಮ್ಮಲ್ಲಿ ತಪ್ಪಾಗಿತ್ತು, ಸರಿ ಮಾಡಿದ್ದೇವೆ.

ನಿಮ್ಮ,
ಸಂಪಾದಕ