ರಾತ್ರಿ ಹತ್ತರ ರೈಲಿಗೆ ಟಿಕೆಟ್ ಮಾಡಿಸಬೇಡಿ

ಗೆಳೆಯರು ಯಾರೂ ಬರುತ್ತಿಲ್ಲ, ಕೊಪ್ಪಳದಿಂದ ಒಬ್ಬನೇ ಬೆಂಗಳೂರಿನ ವೈಟ್‌ಫೀಲ್ಡ್‌ಗೆ ಹೋಗಿ ಇಂಡೀ ಡಾನ್ಸ್-ಪಾಪ್ (ದೊಡ್ಡ ಕಂಪನಿಗಳ ಹಂಗಿಲ್ಲದ ತಂಡಗಳ ಕುಣಿತದ ಪಾಪ್ ಸಂಗೀತ) ಕಾನ್ಸರ್ಟ್ ನೋಡಿ, ಕೋಣೆಯ ಖರ್ಚಿಲ್ಲದೆ ಅದೇ ರಾತ್ರಿ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಮರಳಬಹುದೇ ಎಂದು ಕೇಳಿದ್ದೀರಿ. 2019ರಲ್ಲಿ ಇದೇ ಲೆಕ್ಕವನ್ನು ನಾನೂ ಹಾಕಿದ್ದೆ, ಇದೇ ರೈಲಿನ ಮೇಲೆ ಭರವಸೆ ಇಟ್ಟಿದ್ದೆ.

ಕಾನ್ಸರ್ಟ್ ಟಿಕೆಟ್‌ನ ಮೇಲೆ ಸಂಜೆ 4 ಗಂಟೆ ಎಂದು ಅಚ್ಚಾಗಿತ್ತು. ನಾಲ್ಕಕ್ಕೆ ಶುರುವಾದದ್ದು ಹೆಚ್ಚೆಂದರೆ ಎಂಟಕ್ಕೆ ಮುಗಿದೀತು, ಹತ್ತರ ಸುಮಾರಿಗೆ ಮೆಜೆಸ್ಟಿಕ್‌ನಿಂದ ಹೊರಡುವ ರೈಲಿಗೆ ಬೇಕಾದಷ್ಟು ಸಮಯ ಉಳಿಯುತ್ತದೆ ಎಂದುಕೊಂಡು ಎರಡು ವಾರ ಮುಂಚೆಯೇ ಬರ್ತ್ ಕಾಯ್ದಿರಿಸಿದೆ. ನಾನು ಮಾಡಿದ ತಪ್ಪು ಇದೊಂದೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆ 4 ಗಂಟೆ ಗೇಟು ತೆರೆಯುವ ಹೊತ್ತೇ ಹೊರತು ಹಾಡು ಶುರುವಾಗುವ ಹೊತ್ತಲ್ಲ. ಮೊದಲು ಹೊಸಬರ ಒಂದೆರಡು ತಂಡಗಳು ಹಾಡುತ್ತವೆ. ಪ್ರತಿ ತಂಡ ಇಳಿದಾಗಲೂ ಸಿಂಥಸೈಜರ್, ಡ್ರಮ್ಸ್, ತಂತಿಗಳನ್ನೆಲ್ಲ ಬದಲಿಸಿ ಮೈಕ್ ಪರೀಕ್ಷಿಸಲು ಅರ್ಧ ತಾಸು ಹೋಗುತ್ತದೆ. ನೀವು ದುಡ್ಡು ಕೊಟ್ಟದ್ದು ಯಾರಿಗಾಗಿಯೋ ಅವರು ಎಲ್ಲರಿಗಿಂತ ಕೊನೆಗೆ ಬರುತ್ತಾರೆ. ಇನ್ನು, 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ, ವಿಶೇಷ ಅನುಮತಿಯ ಕೆಲವು ದಿನಗಳನ್ನು ಬಿಟ್ಟರೆ, ರಾತ್ರಿ 10ರ ನಂತರ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲವಾದ್ದರಿಂದ, ಆಯೋಜಕರು ಮುಖ್ಯ ತಂಡವನ್ನು ಆ ಗಡಿಗೆ ತಾಗುವಂತೆಯೇ ಕೂಡಿಸುತ್ತಾರೆ. ಅಂದರೆ ಕಾನ್ಸರ್ಟ್ ಮುಗಿಯುವ ಹೊತ್ತೂ ನಿಮ್ಮ ರೈಲು ಹೊರಡುವ ಹೊತ್ತೂ ಒಂದೇ. ವೈಟ್‌ಫೀಲ್ಡ್‌ಗೆ ಈಗ ಮೆಟ್ರೊ ಬಂದಿದೆಯಲ್ಲ ಎನ್ನಬೇಡಿ. ಅಲ್ಲಿಂದ ಮೆಜೆಸ್ಟಿಕ್ ಮುಟ್ಟಲು ಮುಕ್ಕಾಲು ತಾಸಂತೂ ಬೇಕೇ ಬೇಕು.

ಅಂದು ಮುಖ್ಯ ತಂಡ ವೇದಿಕೆಗೆ ಬಂದದ್ದು ಎಂಟೂವರೆಗೆ. ಮೂರು ಹಾಡು ಕೇಳಿ, ಚೀಲವನ್ನು ಎದೆಗೆ ಅವುಚಿಕೊಂಡು ಕುಣಿಯುವವರ ನಡುವೆ ಕ್ಷಮೆ ಕೇಳುತ್ತಾ ಹೊರಬಂದೆ. ಕಾಂಪೌಂಡ್ ಗೋಡೆಯ ಆಚೆ ಆಟೊಗೆ ಕಾಯುತ್ತಿದ್ದಾಗ, ಯಾವ ಹಾಡಿಗಾಗಿ ಅಷ್ಟು ದೂರದಿಂದ ಬಂದಿದ್ದೆನೋ ಅದೇ ಶುರುವಾಯಿತು. ದನಿಯಾಗಲಿ ಗಿಟಾರ್ ಆಗಲಿ ಗೋಡೆ ದಾಟಲಿಲ್ಲ, ಬೇಸ್ ಮತ್ತು ಡ್ರಮ್ಮಿನ ಗುದ್ದು ಮಾತ್ರ ಕೇಳುತ್ತಿತ್ತು. ಪಕ್ಕದ ಎಳನೀರಿನ ಗಾಡಿಯ ತಗಡು ಆ ಗುದ್ದಿಗೆ ಸರಿಯಾಗಿ ನಡುಗುತ್ತಿತ್ತು. ರೈಲು ಸಿಕ್ಕಿತು, ಹತ್ತು ನಿಮಿಷ ಮುಂಚೆಯೇ ಸಿಕ್ಕಿತು. ತಪ್ಪಿಹೋಗಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಈ ಬಗೆಯ ಸಂಗೀತದಲ್ಲಿ ಹೆಚ್ಚಾಗಿ ನಿಮಿಷಕ್ಕೆ 120ರ ಆಸುಪಾಸಿನ ಪೆಟ್ಟು ಒಂದೇ ಸಮನೆ ನಡೆಯುತ್ತದೆ, ಹಾಡಿನಿಂದ ಹಾಡಿಗೆ ಬಿಸಿ ಏರುತ್ತದೆ, ಜನ ಮೈಮರೆಯುವುದು ಕಡೆಯ ಅರ್ಧ ತಾಸಿನಲ್ಲಿ. ಅದನ್ನು ಬಿಟ್ಟು ಬರುವುದಾದರೆ ಮನೆಯಲ್ಲೇ ಇಯರ್‌ಫೋನ್ ಹಾಕಿಕೊಂಡು ಕೇಳುವುದು ಮೇಲು.

ಒಬ್ಬನೇ ಹೋಗುವುದು ಹೇಗೆ ಎಂಬ ನಿಮ್ಮ ಅಳುಕನ್ನು ನಾನು ಒಪ್ಪುವುದಿಲ್ಲ. ಮೊಹರಂನಲ್ಲಿ ಅಲಾಯಿ ಕುಣಿಯ (ಬೆಂಕಿ ಹಾಕುವ ಗುಂಡಿಯ) ಸುತ್ತ ಹಲಗೆ ವಾದ್ಯದ ಬಡಿತಕ್ಕೆ ಹೆಜ್ಜೆ ಹಾಕುವಾಗ ನೀನು ಯಾರ ಜೊತೆ ಬಂದೆ ಎಂದು ಯಾರಾದರೂ ಕೇಳುತ್ತಾರೆಯೇ? ಇಲ್ಲಿಯೂ ಕೇಳುವುದಿಲ್ಲ. ನಿಜ ಹೇಳಬೇಕೆಂದರೆ, ಬೇಗ ಹೋಗೋಣ ಎಂದು ಅವಸರಪಡಿಸುವ ಗೆಳೆಯ ಇಲ್ಲದಿರುವುದೇ ಅನುಕೂಲ.

ಮರುದಿನ ರಾತ್ರಿಯ ಅದೇ ರೈಲಿಗೆ ಟಿಕೆಟ್ ಮಾಡಿಸಿ, ಮೈದಾನದ ಹತ್ತಿರ ಪೀಜಿಯಲ್ಲಿರುವ ನಮ್ಮ ಕಡೆಯ ಹುಡುಗರು ಯಾರಾದರೂ ಇದ್ದರೆ ಅಲ್ಲಿಯೇ ಉಳಿಯಿರಿ, ಇಲ್ಲವಾದರೆ ಕೋಣೆಗೆ ದುಡ್ಡು ಕೊಡಿ. ಔಷಧಿ ಅಂಗಡಿಯಲ್ಲಿ ಕಿವಿಗೆ ಇಡುವ ಫೋಮ್ ಬಿರಡೆ ಸಿಗುತ್ತದೆ, ಅದನ್ನೂ ಕೊಂಡುಕೊಳ್ಳಿ. ಇಂಥ ಕಡೆ ಸದ್ದು ಸರಾಸರಿ 100 ಡೆಸಿಬೆಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದ್ದರೂ ಸ್ಪೀಕರ್‌ಗಳ ಮುಂದೆ ನಿಂತವರಿಗೆ ಆ ಮಾತು ಅನ್ವಯಿಸಿದಂತೆ ನನಗೆ ಕಂಡಿಲ್ಲ. ಮುಗಿದ ಕೂಡಲೇ ಎಲ್ಲರೂ ಒಟ್ಟಿಗೆ ಕ್ಯಾಬ್ ಹುಡುಕುವುದರಿಂದ ಬಾಡಿಗೆ ಏರಿಬಿಡುತ್ತದೆ. ಒಂದು ಚಹಾ ಕುಡಿದು, ಅರ್ಧ ತಾಸು ಬಿಟ್ಟು ಹೊರಡಿ.